ಲಕೋಟೆಯಲ್ಲಿ ಬಂದ ಅಧ್ಯಕ್ಷೆ

ಲಕೋಟೆಗೆ ಆಲ್ಬೇನಿಯನ್ ಭಾಷೆಯಲ್ಲಿ ‘ಝರ್ಫ್’ ಎನ್ನುತ್ತಾರೆ. ಯುರೋಪಿನ ಪುಟ್ಟ ದೇಶ ಕೊಸೊವೊದ ಅಂಚೆಯವರ ಪಾಲಿಗೆ ಅದು ಬರೀ ಕಾಗದದ ಚೀಲ. ರಾಜಕಾರಣಿಗಳ ಪಾಲಿಗೆ ಒಬ್ಬ ರಾಷ್ಟ್ರಾಧ್ಯಕ್ಷೆ ಹಿಡಿಸುವಷ್ಟು ದೊಡ್ಡ ವಸ್ತು.

ಆ ದೇಶದ ಅಧ್ಯಕ್ಷಗಿರಿಗೆ ಆಗ ದೆಸೆ ನೆಟ್ಟಗಿರಲಿಲ್ಲ. ಅಧ್ಯಕ್ಷ ಫಾತ್ಮಿರ್ ಸೆಯ್ದಿಯು ದೇಶದ ಕುರ್ಚಿಯಲ್ಲಿ ಕುಳಿತು ಪಕ್ಷದ ಕುರ್ಚಿಗೂ ಟವೆಲ್ ಹಾಸಿದ್ದರು. ಸಾಂವಿಧಾನಿಕ ನ್ಯಾಯಾಲಯ ಗದರಿತು, ಎದ್ದು ಹೋದರು. ಕಟ್ಟಡ ಕಟ್ಟಿ ಕುಬೇರರಾದ ಬೆಹ್ಜೆತ್ ಪತ್ಸೊಲ್ಲಿ 2011ರ ಫೆಬ್ರವರಿಯಲ್ಲಿ ಶಾಸಕರ 62 ಮತ ಪಡೆದು ಅಧ್ಯಕ್ಷರಾದರು. ಸದನದಲ್ಲಿ ಕೋರಂ ಇರಲಿಲ್ಲ, ಎದುರಾಳಿಯೂ ಇರಲಿಲ್ಲ ಎಂದು ಅದೇ ನ್ಯಾಯಾಲಯ ಹೇಳಿತು. ಒಂದೂಕಾಲು ತಿಂಗಳಲ್ಲಿ ಅವರೂ ಮಾಜಿ.

ಆಗ ಪ್ರಧಾನಿ ಹಾಶಿಮ್ ಥಾಚಿ, ಹೊಸ ಮಾಜಿ ಪತ್ಸೊಲ್ಲಿ ಮತ್ತು ವಿರೋಧ ಪಕ್ಷದ ಇಸಾ ಮುಸ್ತಫಾ ಒಂದೇ ಮೇಜಿಗೆ ಬಂದರು. ನಾಲ್ಕನೆಯ ಕುರ್ಚಿಯಲ್ಲಿ ಅಮೆರಿಕದ ರಾಯಭಾರಿ ಕ್ರಿಸ್ಟೋಫರ್ ಡೆಲ್. ಮುಂದಿನ ಅಧ್ಯಕ್ಷರ ಹೆಸರು ಡೆಲ್ ತಂದ ಲಕೋಟೆಯಲ್ಲಿತ್ತು ಎಂಬುದು ರಾಜಧಾನಿ ಪ್ರಿಷ್ಟಿನಾದವರು ಮಕಿಯಾಟೊ ಹೀರುತ್ತ ಹೇಳುವ ಕತೆ. ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಹೆಸರಿನ ರಸ್ತೆ, ಅಲ್ಲೇ ಕೈ ಬೀಸುವ ಅವರ ಪ್ರತಿಮೆ, ಪಕ್ಕದಲ್ಲಿ ‘ಹಿಲರಿ’ ಎಂಬ ಬಟ್ಟೆಯಂಗಡಿ ಇರುವ ಊರಿನಲ್ಲಿ ರಾಯಭಾರಿಯ ಲಕೋಟೆಯನ್ನು ಒಡೆಯದೆ ಹಿಂತಿರುಗಿಸುವ ಗಂಡೆದೆ ಯಾರಿಗಿದ್ದೀತು?

ಒಳಗಿದ್ದ ಹೆಸರು ಅತಿಫೆತೆ ಯಹ್ಯಾಗಾ. ಪೊಲೀಸ್ ಇಲಾಖೆಯ ಉಪ ನಿರ್ದೇಶಕಿ, ಮೇಜರ್ ಜನರಲ್, 35ರ ಹರೆಯ. ಪಕ್ಷವಿಲ್ಲ, ಪ್ರಚಾರವಿಲ್ಲ. ಏಪ್ರಿಲ್ 7ರಂದು ಶಾಸಕರು ಮತ ಹಾಕಿದರು.

ಸ್ಪರ್ಧೆ ಇರಲೇಬೇಕೆಂದು ನ್ಯಾಯಾಲಯ ಹೇಳಿತ್ತಲ್ಲ, ಅದಕ್ಕೂ ವ್ಯವಸ್ಥೆ ಆಯಿತು. ಸುಜಾನಾ ನೊವೊಬರ್ಡಾಲಿಯು ಎಂಬ ಶಾಸಕಿಯನ್ನು ಎದುರಿಗೆ ನಿಲ್ಲಿಸಿದರು. ಯಹ್ಯಾಗಾಗೆ 80, ಇವರಿಗೆ 10. ಲೆಕ್ಕ ಸರಿಹೋಯಿತು, ಸಂವಿಧಾನಕ್ಕೆ ತೃಪ್ತಿಯಾಯಿತು. ನನಗೆ ಮಾತ್ರ ಆ ಹತ್ತು ಮಂದಿಯ ಮೇಲೆ ವಿಚಿತ್ರ ಪ್ರೀತಿ. ಲಕೋಟೆಯಲ್ಲಿ ಇಲ್ಲದ ಹೆಸರಿಗೆ ಮತ ಹಾಕಿದವರು ಅವರೇ.

ಇದು ತಾತ್ಕಾಲಿಕ, ಬೇಗನೆ ಜನರೇ ಅಧ್ಯಕ್ಷರನ್ನು ನೇರವಾಗಿ ಆರಿಸುವಂತೆ ಸಂವಿಧಾನ ತಿದ್ದುತ್ತೇವೆ ಎಂದು ಒಪ್ಪಂದದಲ್ಲಿ ಬರೆದಿದ್ದರು. ತಿದ್ದುಪಡಿ ಬರಲಿಲ್ಲ. ತಾತ್ಕಾಲಿಕ ಅಧ್ಯಕ್ಷೆ ಪೂರ್ತಿ ಐದು ವರ್ಷ ಕುಳಿತರು. ಕುಳಿತು ಸುಮ್ಮನಿರಲಿಲ್ಲ ಎಂಬುದನ್ನೂ ಹೇಳಬೇಕು: 1998–99ರ ಯುದ್ಧದಲ್ಲಿ ಅತ್ಯಾಚಾರಕ್ಕೊಳಗಾದ ಮಹಿಳೆಯರ ವಿಷಯದಲ್ಲಿ ಊರೇ ಬಾಯಿಗೆ ಬೀಗ ಹಾಕಿಕೊಂಡಿದ್ದಾಗ, 2014ರಲ್ಲಿ ಅದಕ್ಕಾಗಿ ರಾಷ್ಟ್ರೀಯ ಮಂಡಳಿ ರಚಿಸಿದರು. ಆದರೂ ‘ಲಕೋಟೆ’ ಎಂಬ ಕುಹಕ ಅವರ ಹೆಸರಿಗೇ ಅಂಟಿತು. ಸಹಿ ಹಾಕಿದ ಮೂವರು ಗಂಡಸರ ಕೈಗೆ ಅಂಟಿನ ತೇವವೂ ತಾಕಲಿಲ್ಲ. ಪತ್ಸೊಲ್ಲಿ ಉಪಪ್ರಧಾನಿಯಾದರು, ಮುಸ್ತಫಾ ಮುಂದೆ ಪ್ರಧಾನಿಯೇ ಆದರು.

ಉಳಿದವರು ಥಾಚಿ. 2016ರ ಫೆಬ್ರವರಿಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ಅವರೇ ನಿಂತರು. ಈ ಸಲ ಲಕೋಟೆ ಇರಲಿಲ್ಲ. ವಿರೋಧ ಪಕ್ಷದ ಶಾಸಕರು ಸದನದೊಳಗೆ ಅಶ್ರುವಾಯು ಸಿಡಿಸಿದರು, ಮೂರನೆಯ ಸುತ್ತಿನಲ್ಲಿ 71 ಮತ ಬಂತು, ಎದುರಿಗೊಬ್ಬ ಅಭ್ಯರ್ಥಿಯೂ ಇದ್ದರು. ನಿಯಮದ ಪ್ರಕಾರವೇ.