ಮಿಲಿಟ್ರಿ ಕೆಲಸ: ಡೆಹ್ರಾಡೂನ್‌ನಲ್ಲಿ ಕೂತು ನೋಡಿದರೆ

ಡೆಹ್ರಾಡೂನ್‌ನಲ್ಲಿ ಬಾಡಿಗೆ ಮನೆ ಹುಡುಕೋಕೆ ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಗೇಟಿನ ಬೋರ್ಡು. ಸೂಬೇದಾರ್ ಮೇಜರ್ ಇಂಥವರು, ನಿವೃತ್ತ. ಹವಾಲ್ದಾರ್ ಇಂಥವರು, ನಿವೃತ್ತ. ಪಕ್ಕದ ಬೀದಿಯಲ್ಲಿ ಒಬ್ಬರು ಕರ್ನಲ್. ನಮ್ಮ ಕಡೆ ಮನೆಗೆ ‘ಶ್ರೀ ಲಕ್ಷ್ಮೀ ನಿಲಯ’ ಅಂತ ಬರೆಸುವಷ್ಟೇ ಸಹಜವಾಗಿ ಇಲ್ಲಿ ರ‍್ಯಾಂಕ್ ಬರೆಸುತ್ತಾರೆ.

ನಾನು ಅರಕಲಗೂಡು ಕಡೆಯವನು. ಕೆಲಸದ ಮೇಲೆ ಬಂದವನು ಇಲ್ಲೇ ಉಳಿದುಬಿಟ್ಟೆ. ಇಷ್ಟು ವರ್ಷ ಎರಡೂ ಕಡೆ ನೋಡಿದ ಮೇಲೆ ನನಗೆ ಅನಿಸುವುದು ಇಷ್ಟು: ನಾವು ಕನ್ನಡಿಗರು ಸೈನಿಕರಿಗೆ ಕೈ ಮುಗಿಯುತ್ತೇವೆ, ಆದರೆ ಆ ಕೆಲಸದ ಬಗ್ಗೆ ನಮಗೆ ಹೆಚ್ಚೇನೂ ಗೊತ್ತಿಲ್ಲ. ಇಲ್ಲಿಯವರಿಗೆ ಗೊತ್ತು. ಗೊತ್ತಿರುವುದರಿಂದಲೇ ಮಾತಿನಲ್ಲಿ ಭಕ್ತಿ ಸ್ವಲ್ಪ ಕಮ್ಮಿ.

ನಮ್ಮ ಮನೆ ಮಾಲೀಕರು ಗಢವಾಲ್ ರೈಫಲ್ಸ್ ಅನ್ನುವ ಪಲ್ಟನ್ನಿನಲ್ಲಿ, ಅಂದರೆ ಸೇನಾ ದಳದಲ್ಲಿ, ಸೂಬೇದಾರ್ ಆಗಿದ್ದವರು. ಬೆಟ್ಟದ ಮೇಲಿನ ಪೌಡಿ ಜಿಲ್ಲೆಯ ಒಂದು ಹಳ್ಳಿ ಅವರದು. ಅಪ್ಪ ಅದೇ ಪಲ್ಟನ್ನು, ಇಬ್ಬರು ಅಣ್ಣಂದಿರು ಅದೇ ಪಲ್ಟನ್ನು. ಅವರ ಜೊತೆ ಚಹಾಕ್ಕೆ ಕೂತರೆ ದೇಶಭಕ್ತಿಯ ಭಾಷಣ ಬರುವುದೇ ಇಲ್ಲ. ಯಾವ ಪೋಸ್ಟಿಂಗ್‌ನಲ್ಲಿ ಹೆಂಡತಿ ಮಕ್ಕಳಿಗೆ ಕ್ವಾರ್ಟರ್ಸ್ ಸಿಕ್ಕಿತು, ಯಾವುದರಲ್ಲಿ ಸಿಗಲಿಲ್ಲ, ಯಾವ ಸಾಹೇಬರು ರಜೆ ಅರ್ಜಿ ಮೇಲೆ ಕೂತುಬಿಡುತ್ತಿದ್ದರು, ಬರೀ ಇದೇ ಮಾತು. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್. ಅದನ್ನು ಭತ್ತದ ಕಟಾವಿಗೆ ಎಷ್ಟು, ತಂಗಿ ಮದುವೆಗೆ ಎಷ್ಟು ಅಂತ ಹಂಚಿಕೊಳ್ಳುತ್ತಿದ್ದ ಲೆಕ್ಕ ಅವರಿಗೆ ಈಗಲೂ ಬಾಯಿಪಾಠ. ಸಿಯಾಚಿನ್‌ನಲ್ಲಿ ಇದ್ದಾಗ ಯಾವುದು ಜಾಸ್ತಿ ಕಷ್ಟ ಆಯಿತು ಅಂತ ಒಮ್ಮೆ ಕೇಳಿದೆ. ಶೆಲ್ ದಾಳಿ, ಹಿಮಪಾತ ಅಂತೇನೋ ಹೇಳುತ್ತಾರೆ ಅಂದುಕೊಂಡಿದ್ದೆ. “ಹಲ್ಲುಜ್ಜೋದು” ಅಂದರು. ಟೂತ್‌ಪೇಸ್ಟು ಕಲ್ಲಾಗಿರುತ್ತದಂತೆ. ಅದನ್ನು ಮೊದಲು ಬೆಂಕಿಗೆ ಹಿಡಿಯಬೇಕಂತೆ.

ಈಗ ಅವರ ಮೊಮ್ಮಗ ಭರ್ತಿಗೆ ತಯಾರಾಗುತ್ತಿದ್ದಾನೆ. ಸೈನ್ಯಕ್ಕೆ ಆಯ್ಕೆ ಆಗುವುದಕ್ಕೆ ಇಲ್ಲಿ ಎಲ್ಲರೂ ಭರ್ತಿ ಅಂತಲೇ ಅನ್ನುತ್ತಾರೆ. ಬೆಳಗಿನ ಜಾವ ಪ್ರೇಮ್‌ನಗರದ ಕಡೆ ಚಹಾ ತೋಟದ ರಸ್ತೆಗೆ ಹೋದರೆ ಮಂಜಿನಲ್ಲಿ ಬರೀ ಬೂಟಿನ ಸದ್ದು. ಹತ್ತಿಪ್ಪತ್ತು ಹುಡುಗರು ಓಡುತ್ತಿರುತ್ತಾರೆ. ಹಿಂದೆ ಸ್ಕೂಟರಿನಲ್ಲಿ ನಮ್ಮ ಸೂಬೇದಾರ್ ಸಾಹೇಬರು, ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚು. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ತಿ 60 ಅಂಕ. ಬೀಮ್ ಹಿಡಿದು ಹತ್ತು ಪುಲ್‌ಅಪ್ ತೆಗೆದರೆ 40. ಒಂಬತ್ತು ಅಡಿ ಹಳ್ಳ ಜಿಗಿಯಬೇಕು. ಇದು ಆ ಬೀದಿಯ ಅಜ್ಜಿಯರಿಗೂ ಗೊತ್ತು. ಒಬ್ಬ ಹುಡುಗ ಐದು ನಿಮಿಷ ನಲವತ್ತು ಸೆಕೆಂಡಿಗೆ ಮುಗಿಸಿದ ಅಂದರೆ, ಹಾಲು ತರೋಕೆ ಬಂದ ಹೆಂಗಸು ಕೂಡ “ಇನ್ನು ಹತ್ತು ಸೆಕೆಂಡು ಕಮ್ಮಿ ಮಾಡ್ಕೋ ಮಗಾ” ಅಂತ ಹೇಳಿ ಹೋಗುತ್ತಾಳೆ.

ನಮ್ಮ ಕಡೆ ಹೇಗೆ ಅನ್ನುವುದಕ್ಕೆ ಅಕ್ಕನ ಫೋನಿನ ಕಥೆ ಸಾಕು. ಅವಳ ಮಗ ಹಾಸನದಲ್ಲಿ ಬಿ.ಇ. ಮುಗಿಸಿದ. ಅದಾಗಿ ಸ್ವಲ್ಪ ದಿನಕ್ಕೆ ಫೋನ್ ಬಂತು. “ಲೋ, ಇವನು ಮಿಲಿಟ್ರಿಗೆ ಹೋಗ್ತಾನಂತೆ ಕಣೋ. ನೀನಾದ್ರೂ ಬುದ್ಧಿ ಹೇಳು. ಓದು ಹತ್ತದೇ ಇರೋರು ಹೋಗೋದಲ್ವೇನೋ ಅಲ್ಲಿಗೆ?” ಹಿಂದೆ ಭಾವನ ದನಿ ಕೇಳುತ್ತಿತ್ತು: “ಬೆಂಗಳೂರಲ್ಲಿ ಕಂಪನಿ ಸಿಗಲ್ವಂತಾ ಕೇಳು.” ಇದೇ ಅಕ್ಕ ಪ್ರತಿ ಜನವರಿ 26ಕ್ಕೆ ಹಿಮದಲ್ಲಿ ನಿಂತ ಸೈನಿಕನ ಫೋಟೋ ಸ್ಟೇಟಸ್ ಹಾಕುತ್ತಾಳೆ. ತಮಾಷೆಗೆ ಹೇಳುತ್ತಿಲ್ಲ. ಅವಳ ಗೌರವ ನಿಜವಾದದ್ದೇ. ಆದರೆ ಆ ಸೈನಿಕ ಬೇರೆ ಯಾರದೋ ಮನೆಯ ಮಗ ಆಗಿರಬೇಕು.

ಅವಳಿಗೆ ಸೈನ್ಯಕ್ಕೆ ಬಾಗಿಲು ಒಂದೇ ಅಲ್ಲ ಅನ್ನುವುದೇ ಗೊತ್ತಿರಲಿಲ್ಲ. ಹತ್ತನೇ ಕ್ಲಾಸೋ ಪಿಯುಸಿಯೋ ಮುಗಿಸಿ ಅಗ್ನಿವೀರ, ಅಂದರೆ ನಾಲ್ಕು ವರ್ಷದ ಜವಾನ, ಆಗುವುದು ಒಂದು ದಾರಿ. ಪಿಯುಸಿ ಆದ ಕೂಡಲೇ ಆಫೀಸರ್ ಆಗಲು ಪುಣೆಯ ಖಡಕ್‌ವಾಸ್ಲಾದ ಎನ್‌ಡಿಎಗೆ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, ಹೋಗುವುದು ಇನ್ನೊಂದು. ಡಿಗ್ರಿ ಆದವರಿಗೆ ಆಫೀಸರ್ ಆಗಲು ಸಿಡಿಎಸ್ ಪರೀಕ್ಷೆ ಇದೆ. ಇಂಜಿನಿಯರಿಂಗ್ ಮಾಡಿದವರಿಗೆ ಲಿಖಿತ ಪರೀಕ್ಷೆಯೇ ಇಲ್ಲದ ಟೆಕ್ನಿಕಲ್ ಎಂಟ್ರಿ ಇದೆ. ಅಂಕ ನೋಡಿ ಎಸ್‌ಎಸ್‌ಬಿ ಅನ್ನುವ ಆಯ್ಕೆ ಮಂಡಳಿಯ ಸಂದರ್ಶನಕ್ಕೆ ಕರೆಯುತ್ತಾರೆ. ಪಾಸಾದರೆ ತರಬೇತಿ ಇಲ್ಲೇ ಡೆಹ್ರಾಡೂನ್‌ನ ಐಎಂಎಯಲ್ಲಿ, ಇಲ್ಲವಾದರೆ ಚೆನ್ನೈನ ಒಟಿಎಯಲ್ಲಿ. ಲೆಫ್ಟಿನೆಂಟ್ ಆಗಿ ಹೊರಬಂದರೆ ತಿಂಗಳಿಗೆ ಮೂಲ ವೇತನವೇ 56,100. ಅದರ ಮೇಲೆ 15,500 ಮಿಲಿಟರಿ ಸರ್ವಿಸ್ ಪೇ, ಭತ್ಯೆಗಳು ಬೇರೆ. ಇಷ್ಟು ಹೇಳಿದ ಮೇಲೆ ಅಕ್ಕ ಒಂದು ನಿಮಿಷ ಸುಮ್ಮನಿದ್ದಳು. “ಅಷ್ಟು ಕೊಡ್ತಾರಾ?” ಅಂದಳು. ಭಾವ ಟಿವಿ ಸದ್ದು ಕಮ್ಮಿ ಮಾಡಿದ್ದು ಇಲ್ಲಿಗೇ ಕೇಳಿಸಿತು.

ನಮ್ಮ ರಾಜ್ಯದಲ್ಲಿ ಸೈನ್ಯ ಕಣ್ಣಿಗೆ ಬೀಳುವುದು ಹೆಚ್ಚಾಗಿ ಸಾವು ಬಂದಾಗ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಸಿಕ್ಕಿಬಿದ್ದು ಜೀವಂತವಾಗಿ ಹೊರಬಂದ ಹನುಮಂತಪ್ಪ ಕೊಪ್ಪದ್ ಅವರಿಗಾಗಿ ಇಡೀ ಕರ್ನಾಟಕ ದೇವರಿಗೆ ಹರಕೆ ಹೊತ್ತಿತ್ತು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡಾಗ ಅತ್ತವರೆಷ್ಟೋ. ಕುಂದಗೋಳ ತಾಲ್ಲೂಕಿನ ಬೆಟದೂರು ಅನ್ನುವ ಊರಿನ ಹೆಸರು ಎಲ್ಲರ ಬಾಯಲ್ಲಿತ್ತು. ಆದರೆ ಅವರು 19 ಮದ್ರಾಸ್ ಬೆಟಾಲಿಯನ್‌ನವರು, ಅದು ಎಂಥ ದಳ, ಬೆಟದೂರಿನ ಹುಡುಗ ಅಲ್ಲಿಗೆ ಸೇರಿದ್ದು ಹೇಗೆ ಅಂತ ಕೇಳಿದವರು ಎಷ್ಟು ಜನ? ಇಲ್ಲಾದರೆ ಮೊದಲ ಪ್ರಶ್ನೆಯೇ “ಯಾವ ಪಲ್ಟನ್?”

ಹಾಗಂತ ಪಹಾಡಿಗಳ, ಅಂದರೆ ಈ ಬೆಟ್ಟದವರ, ರಕ್ತದಲ್ಲೇ ಏನೋ ಇದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆ ಮಾತು ಬ್ರಿಟಿಷರದು. 1857 ಆದ ಮೇಲೆ ಅವರು ಯಾರು ‘ಯೋಧ ಜನಾಂಗ’, ಯಾರು ಅಲ್ಲ ಅಂತ ಪಟ್ಟಿ ಮಾಡಿಕೊಂಡರು. ಗಢವಾಲಿಗಳಿಗೆ 1887ರಲ್ಲಿ ಪ್ರತ್ಯೇಕ ಪಲ್ಟನ್ ಕಟ್ಟಿ ಪೌಡಿಯ ಲ್ಯಾನ್ಸ್‌ಡೌನ್‌ನಲ್ಲಿ ನೆಲೆ ಕೊಟ್ಟರು. ಅದೇ ಹೊತ್ತಿಗೆ ದಕ್ಷಿಣದ ಮದ್ರಾಸ್ ಪದಾತಿ ದಳಗಳನ್ನು ಒಂದೊಂದಾಗಿ ಕರಗಿಸುತ್ತಾ ಬಂದರು. 1920ರ ದಶಕ ಮುಗಿಯುವ ಹೊತ್ತಿಗೆ ಅವು ಇರಲೇ ಇಲ್ಲ. ಎರಡನೇ ಮಹಾಯುದ್ಧಕ್ಕೆ ಜನ ಸಾಲದೇ ಹೋದಾಗ ಮತ್ತೆ ಕಟ್ಟಿದರು. ಒಂದು ಕಡೆ ಮುತ್ತಜ್ಜನಿಂದ ಮೊಮ್ಮಗನವರೆಗೆ ಅದೇ ಕೆಲಸ, ಇನ್ನೊಂದು ಕಡೆ ನಡುವೆ ದಾರಿಯೇ ಕಡಿದುಹೋಗಿತ್ತು.

ನಮ್ಮದೂ ಇತ್ತಲ್ಲ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ನಗರವನ್ನು ಕುದುರೆ ಮೇಲೆ ಹೋಗಿ ಹಿಡಿದವರಲ್ಲಿ ಮೈಸೂರು ಸಂಸ್ಥಾನದ ಕುದುರೆ ದಳ ಮೈಸೂರು ಲ್ಯಾನ್ಸರ್ಸ್ ಇದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ಪದಾತಿ ದಳ ಮದ್ರಾಸ್ ರೆಜಿಮೆಂಟಿನಲ್ಲಿ ಸೇರಿ 18 ಮದ್ರಾಸ್ ಆಯಿತು. ಲ್ಯಾನ್ಸರ್ಸ್ 61ನೇ ಕ್ಯಾವಲ್ರಿಯೊಳಗೆ ಸೇರಿದರು. ಮೈಸೂರಿನ ಹೆಸರು ಹೊತ್ತ ಸೈನ್ಯ ಹೀಗೆ ಕಣ್ಣಿಂದ ಮರೆಯಾಯಿತು. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇದೆ, ಬೆಂಗಳೂರಿನಲ್ಲಿ ಸೇನೆಯ ಇಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್ ಇದೆ, ಪ್ಯಾರಾಚೂಟ್ ದಳದವರ ತರಬೇತಿ ಕೇಂದ್ರ ಇದೆ. ಹಲಸೂರು ಕೆರೆ ಪಕ್ಕ ದಿನಾ ಓಡಾಡುವವರಿಗೆ ಸ್ಯಾಪರ್ಸ್ ಅಂದರೆ ಒಂದು ಉದ್ದ ಕಾಂಪೌಂಡು ಅಷ್ಟೇ.

ನಮ್ಮ ಪಕ್ಕದಲ್ಲೇ ಇರುವ ಕೊಡಗಿನ ಕಥೆ ಬೇರೆ. ಅರಕಲಗೂಡಿನಿಂದ ಶನಿವಾರಸಂತೆ ಎಷ್ಟು ದೂರ? ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹುಟ್ಟಿದ್ದು ಅಲ್ಲಿ. 1949ರ ಜನವರಿ 15ರಂದು ಸೇನೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯ ಅವರು. ಜನರಲ್ ತಿಮ್ಮಯ್ಯ ಮಡಿಕೇರಿಯವರು. ಅವರು ಹುಡುಗನಾಗಿ ಓದಿದ್ದು ಇದೇ ಡೆಹ್ರಾಡೂನ್‌ನ ಗಢಿ ಕ್ಯಾಂಟ್‌ನಲ್ಲಿರುವ ಮಿಲಿಟರಿ ಕಾಲೇಜಿನಲ್ಲಿ. ಆಮೇಲೆ ಅವರು ಸೇರಿದ ಪಲ್ಟನ್ನು ಮುಂದೆ ಕುಮಾವು ರೆಜಿಮೆಂಟ್ ಅಂತ ಹೆಸರಾಯಿತು. ಕೊಡಗಿನ ಮನೆಗಳಲ್ಲೂ ಇಲ್ಲಿಯ ಹಾಗೇ ಮಾತು: ಯಾವ ಪಲ್ಟನ್, ಎಷ್ಟು ವರ್ಷ, ಕ್ಯಾಂಟೀನ್ ಕಾರ್ಡು ಯಾರ ಹೆಸರಲ್ಲಿ. ಕೋವಿಗೆ ಲೈಸೆನ್ಸ್ ವಿನಾಯಿತಿ ಇರುವ ಸಮಾಜ ಅದು. ಆದರೆ ನನಗೆ ಕೋವಿಗಿಂತ ಆ ಮಾತು ಮುಖ್ಯ ಅನಿಸುತ್ತದೆ. ಮಗು ಊಟಕ್ಕೆ ಕೂತಾಗ ಚಿಕ್ಕಪ್ಪನ ಪೋಸ್ಟಿಂಗ್ ವಿಷಯ ಕೇಳುತ್ತಾ ಬೆಳೆಯುತ್ತದೆ. ಒಂದು ಗಡಿ ದಾಟಿ ನಮ್ಮ ಕಡೆ ಬಂದರೆ ಊಟದ ಮಾತು ಆಲೂಗಡ್ಡೆ ರೇಟು, ಹೊಗೆಸೊಪ್ಪಿನ ಹರಾಜು, ಸಿಇಟಿ ರ‍್ಯಾಂಕು.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಇಲ್ಲಿ ಬಂದ ಹೊಸದರಲ್ಲಿ ನನಗೂ ಇದೆಲ್ಲ ಬಹಳ ಭವ್ಯವಾಗಿ ಕಂಡಿತ್ತು. ಆಮೇಲೆ ಸೂಬೇದಾರ್ ಸಾಹೇಬರ ಹಳ್ಳಿಗೆ ಹೋದೆ. ಮೆಟ್ಟಿಲು ಹೊಲಗಳಲ್ಲಿ ಅರ್ಧಕ್ಕರ್ಧ ಪೊದೆ. ಸ್ಲೇಟು ಕಲ್ಲಿನ ಛಾವಣಿಯ ಮನೆಗಳಿಗೆ ಬೀಗ. ಇರುವ ಹೊಲವನ್ನು ಹಂದಿ, ಕೋತಿ ಬಿಡುವುದಿಲ್ಲ. ಉಳಿದ ಹೆಂಗಸರು ಹುಲ್ಲಿನ ಹೊರೆ ಹೊತ್ತು ಗುಡ್ಡ ಹತ್ತುತ್ತಿದ್ದರು. ಬೇರೆ ಕೆಲಸ ಇಲ್ಲದ ಕಡೆ ಭರ್ತಿಯೇ ಕಾರ್ಖಾನೆ, ಭರ್ತಿಯೇ ಐಟಿ ಪಾರ್ಕು. ಪಿಂಚಣಿ ಹಣ ಬಂದ ಮೇಲೆ ಫೌಜಿ, ಅಂದರೆ ಸೈನಿಕ, ಹಳ್ಳಿಗೆ ವಾಪಸ್ ಹೋಗುವುದಿಲ್ಲ. ಮಕ್ಕಳ ಸ್ಕೂಲು, ಆಸ್ಪತ್ರೆ ಅಂತ ಡೆಹ್ರಾಡೂನ್‌ನಲ್ಲಿ ಒಂದು ಸೈಟು ತಗೊಳ್ಳುತ್ತಾನೆ. ಬೆಟ್ಟ ಖಾಲಿ ಆಗುವುದರಲ್ಲಿ ಸೈನ್ಯದ ಪಾಲೂ ಇದೆ. ಇಲ್ಲಿ ಇದನ್ನು ಬಾಯಿಬಿಟ್ಟು ಹೇಳುವವರು ಕಮ್ಮಿ.

ಆ ಪಿಂಚಣಿಯ ಲೆಕ್ಕವೇ ಈಗ ಅಲ್ಲಾಡಿದೆ. 15 ವರ್ಷ ಸೇವೆ ಮಾಡಿದರೆ ಜೀವನಪೂರ್ತಿ ಪಿಂಚಣಿ ಅನ್ನುವುದರ ಮೇಲೆ ಈ ಬೆಟ್ಟದ ಮದುವೆಗಳು, ಸಾಲಗಳು, ಮನೆಗಳು ನಿಂತಿದ್ದವು. 2022ರ ಜೂನ್‌ನಲ್ಲಿ ಅಗ್ನಿವೀರರನ್ನು ತೆಗೆದುಕೊಳ್ಳುವ ಅಗ್ನಿಪಥ ಯೋಜನೆ ಬಂತು. ನಾಲ್ಕು ವರ್ಷ, ಮೊದಲ ವರ್ಷ ತಿಂಗಳಿಗೆ 30,000, ಕೊನೆಯ ವರ್ಷ 40,000, ಹೊರಬರುವಾಗ ಸುಮಾರು 11.71 ಲಕ್ಷ ಸೇವಾ ನಿಧಿ. ಪಿಂಚಣಿ ಇಲ್ಲ. ಕಾಯಂ ಆಗುವವರು ಹೆಚ್ಚೆಂದರೆ ನೂರಕ್ಕೆ 25. ರಜೆ 90 ದಿನದಿಂದ 30ಕ್ಕೆ ಇಳಿಯಿತು. ಸೂಬೇದಾರ್ ಸಾಹೇಬರಿಗೆ ಸಂಬಳಕ್ಕಿಂತ ಈ ರಜೆ ವಿಷಯವೇ ಜಾಸ್ತಿ ಸಿಟ್ಟು. “ಮೂವತ್ತು ದಿನದಲ್ಲಿ ಅವನು ಬೆಟ್ಟ ಹತ್ತಿ ಇಳಿಯೋದೇ ಆಗುತ್ತೆ” ಅನ್ನುತ್ತಾರೆ. ಆದರೂ ಮೊಮ್ಮಗನನ್ನು ಓಡಿಸುತ್ತಿದ್ದಾರೆ.

ನನ್ನ ಲೆಕ್ಕದಲ್ಲಿ ಇಲ್ಲೊಂದು ವಿಚಿತ್ರ ಇದೆ. ನಾಲ್ಕು ವರ್ಷದ ಕೆಲಸ ಬೆಟ್ಟದ ಹುಡುಗನಿಗೆ ನಷ್ಟ, ಅವನಿಗೆ ಹಿಂತಿರುಗಿ ಬರಲು ಬೇರೆ ಕೆಲಸ ಇಲ್ಲ. ಬೇರೆ ಕೆಲಸಗಳು ಇರುವ ಕರ್ನಾಟಕದ ಹುಡುಗ 22ಕ್ಕೆ ಕೈಯಲ್ಲಿ ಹನ್ನೊಂದು ಲಕ್ಷ ಇಟ್ಟುಕೊಂಡು ವಾಪಸ್ ಬಂದರೆ ಅದು ಬೇರೆಯೇ ಮಾತು. ಯೋಜನೆ ಒಳ್ಳೆಯದು ಅನ್ನುತ್ತಿಲ್ಲ. ಸೈನ್ಯಕ್ಕೆ ಅದು ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನು ಸೈನ್ಯದವರು ಹೇಳಲಿ. ಆದರೆ ಈ ಲೆಕ್ಕ ಹಾಕಿ ನೋಡುವಷ್ಟು ವಿವರವೂ ನಮ್ಮ ಮನೆಗಳಿಗೆ ತಲುಪಿಲ್ಲ.

ಅಕ್ಕನ ಮಗನ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಎಸ್‌ಎಸ್‌ಬಿಗೆ ಹೋದ. ಐದು ದಿನದ ಆಯ್ಕೆ ಅದು, ಅವನು ಮೊದಲ ದಿನವೇ ಸ್ಕ್ರೀನ್ ಔಟ್. ಒಂದು ಮಸುಕು ಚಿತ್ರವನ್ನು 30 ಸೆಕೆಂಡು ತೋರಿಸುತ್ತಾರೆ, ನಾಲ್ಕು ನಿಮಿಷದಲ್ಲಿ ಅದರ ಮೇಲೆ ಕಥೆ ಬರೆಯಬೇಕು. ಆಮೇಲೆ ಗುಂಪಿನಲ್ಲಿ ಕೂತು ಅದನ್ನು ಹೇಳಬೇಕು, ಎಲ್ಲರೂ ಸೇರಿ ಒಂದು ಕಥೆ ಮಾಡಬೇಕು. “ಕಥೆ ಬರೆದೆ ಮಾಮ. ಮಾತಾಡೋ ಹೊತ್ತಿಗೆ ಸಂತೆ ಆಗೋಯ್ತು. ಎಲ್ಲಾ ಒಟ್ಟಿಗೆ ಇಂಗ್ಲಿಷಲ್ಲಿ ಕೂಗ್ತಿದ್ರು. ನನ್ನ ಬಾಯಿಂದ ಎರಡು ಸಾಲು ಬಂತಷ್ಟೇ” ಅಂದ. ಅವನ ಇಂಗ್ಲಿಷ್ ಕೆಟ್ಟದಾಗಿಲ್ಲ. ಇಲ್ಲಿಯ ಹುಡುಗರ ಇಂಗ್ಲಿಷ್ ಅದಕ್ಕಿಂತ ಚೆನ್ನಾಗೇನೂ ಇಲ್ಲ. ಆದರೆ ಡೆಹ್ರಾಡೂನ್‌ನ ಗಲ್ಲಿ ಗಲ್ಲಿಯಲ್ಲಿ ಎನ್‌ಡಿಎ ಕೋಚಿಂಗ್ ಬೋರ್ಡುಗಳಿವೆ. ಹುಡುಗರು ಹೋಗುವ ಮೊದಲೇ ಇಂಥ ಸಂತೆಯಲ್ಲಿ ಬಾಯಿ ಹಾಕೋದನ್ನು ಕಲಿತಿರುತ್ತಾರೆ. ನಮ್ಮವನಿಗೆ ಹಾಗೊಂದು ಸಂತೆ ಇರುತ್ತದೆ ಅಂತಲೇ ಯಾರೂ ಹೇಳಿರಲಿಲ್ಲ. 27 ದಾಟುವವರೆಗೆ ಅವಕಾಶ ಇದೆ. ಮತ್ತೆ ಅರ್ಜಿ ಹಾಕಿದ್ದಾನೆ.

ಕುಶಾಲನಗರದ ಪಕ್ಕ ಕೂಡಿಗೆಯಲ್ಲಿ 2007ರಿಂದ ಸೈನಿಕ ಶಾಲೆ ಇದೆ, ವಿಜಯಪುರದ್ದು 1963ರದ್ದು. ಆರನೇ ಕ್ಲಾಸಿಗೆ ಸೇರುವ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ನಮ್ಮ ತಾಲ್ಲೂಕಿನ ಎಷ್ಟು ಮೇಷ್ಟ್ರಿಗೆ ಇದು ಗೊತ್ತು? ಅಗ್ನಿವೀರರ ಆನ್‌ಲೈನ್ ಪರೀಕ್ಷೆಗೂ 2025ರಿಂದ ಕನ್ನಡ ಬಂದಿದೆ. ಆದರೆ ಎನ್‌ಡಿಎ, ಸಿಡಿಎಸ್ ಪ್ರಶ್ನೆಪತ್ರಿಕೆ ಇವತ್ತಿಗೂ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ. ಅಂದರೆ ಜವಾನ ಆಗುವ ಬಾಗಿಲು ಕನ್ನಡದಲ್ಲಿ ತೆರೆಯುತ್ತದೆ, ಆಫೀಸರ್ ಬಾಗಿಲು ತೆರೆಯುವುದಿಲ್ಲ. ಗಣಿತವನ್ನು ಕನ್ನಡದಲ್ಲಿ ಓದಿದ ಹುಡುಗ ಎನ್‌ಡಿಎಗೆ ಕೂತರೆ, ಹಿಂದಿಯಲ್ಲಿ ಓದಿದ ಪೌಡಿಯ ಹುಡುಗನಿಗಿಂತ ಅಲ್ಲೇ ಹಿಂದೆ ಬಿದ್ದ ಹಾಗೆ. ಬ್ಯಾಂಕ್ ಪರೀಕ್ಷೆಗೆ ಕನ್ನಡ ಬೇಕು ಅಂತ ನಮ್ಮವರು ಬೀದಿಗಿಳಿದು ಕೇಳಿದರು, ಕೇಳಬೇಕಾದದ್ದೇ. ಎನ್‌ಡಿಎಗೆ ಬೇಕು ಅಂತ ಕೂಗಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಆ ಪರೀಕ್ಷೆ ಬರೆಯುವ ಮಕ್ಕಳೇ ನಮ್ಮ ಬೀದಿಯಲ್ಲಿ ಇಲ್ಲ, ಇನ್ನು ಕೇಳುವವರು ಯಾರು?