ಕಾಳ್ಯಾನ ಹೊಟ್ಟಿ, ಓಣಿಗೆಲ್ಲಾ ಚಿಂತಿ

ನಾಯಿಮರಿ ತಂದ ಮ್ಯಾಲ ಎಲ್ರೂ ಅದರ ಮುಖ ನೋಡಿ ಮುದ್ದು ಮಾಡ್ತಾರ, ಹಿಂದಿನ ಕಡೆ ಕಾವಲು ಕೂಡೋ ಟೈಮೂ ಬರ್ತದ ಅಂತ ಮಾತ್ರ ಯಾರೂ ಹೇಳಂಗಿಲ್ಲ. ನಮ್ಮ ಕಾಳ್ಯಾ ಎರಡು ತಿಂಗಳ ಮರಿ, ಉಂಡ ಕೂಡ್ಲೇ ಅಂಗಳಕ್ಕ ಓಡೋದು, ಒಮ್ಮೆಲೇ ಎಲ್ಲಾ ಬಂದ್, ಮಲಬದ್ಧತೆ. ಬೆನ್ನು ಬಗ್ಗಿಸಿ ಕುಂದರ್ತದ, ಕಣ್ಣು ಮುಚ್ಚಿ ಮುಕ್ಕರಿತದ, ಕುಂತಲ್ಲೇ ನಾಕು ಹೆಜ್ಜಿ ಮುಂದ ಸರೀತದ, ತಿರುಗಿ ಫರಸಿ ನೋಡ್ತದ, ಏನೂ ಇಲ್ಲ, ಆಮ್ಯಾಲ ನಮ್ಮ ಮುಖ ನೋಡ್ತದ.

ನಮ್ಮ ಬೀದರದಾಗ ಪಶುವೈದ್ಯ ವಿಶ್ವವಿದ್ಯಾಲಯನೇ ಅದ, ಆದ್ರ ನಮ್ಮ ಓಣ್ಯಾಗಿನಷ್ಟು ಡಾಕ್ಟ್ರು ಅಲ್ಲಿ ಇರಲಿಕ್ಕಿಲ್ಲ. ಎದುರುಮನಿ ಆಯಿ "ಔಡಲೆಣ್ಣಿ ಕುಡಸ್ರಿ" ಅಂದ್ಲು. ಮೂಲಿಮನಿ ಕಾಕಾ ತಾವು ರಾತ್ರಿ ತಗೊಳ್ಳೋ ಪೌಡರ್ ಡಬ್ಬಿನೇ ಹಿಡ್ಕೊಂಡು ಬಂದು "ನನಗ ನಡೀತದ, ಅದಕ್ಯಾಕ ನಡ್ಯಂಗಿಲ್ಲ" ಅಂತ ವಾದ. ಮನುಷ್ಯಾರ ಜುಲಾಬಿನ ಔಷಧ ಮರಿಗೆ ಕೊಡಬಾರ್ದ್ರಿ ಅಂದ್ರ ಸಿಟ್ಟು ಬೇರೆ, ಆದ್ರೂ ಆಟೋದಾಗ ನಮಗಿಂತ ಮೊದ್ಲ ಹತ್ತಿ ಕುಂತ್ರು.

ದನದ ದವಾಖಾನಿ ಡಾಕ್ಟ್ರು ಹೊಟ್ಟಿ ಒತ್ತಿ ನೋಡಿ ಕೇಳಿದ್ದು ಒಂದೇ, "ಎಲುಬು ಯಾರ್ ಹಾಕ್ಯಾರ?" ಕಾಕಾ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಓದ್ಲತ್ರು. ಆದಿತ್ಯವಾರದ ಮಟನ್ ಎಲುಬು ಮರಿ ಕರುಳಾಗ ಸುಣ್ಣದ ಗಡ್ಡಿ ಆದಂಗ ಆಗ್ತದಂತ, ಮ್ಯಾಲ ಈ ಬಿಸಿಲು, ನೀರು ಕಮ್ಮಿ, ಒಣ ಡಾಗ್ ಫುಡ್, ಮತ್ತ ಕೇಳ್ತೀರೇನು. ಹೊಟ್ಟ್ಯಾಗ ಜಂತು ಭಾಳ ಆದ್ರೂ ಕಟ್ತದಂತ, ಅದಕ್ಕೇ ಹುಟ್ಟಿದ ಎರಡು ವಾರದಿಂದ ಮೂರು ತಿಂಗಳ ತನಕ ಎರಡು ವಾರಕ್ಕೊಮ್ಮೆ ಜಂತಿನ ಔಷಧ ಹಾಕಿಸ್ಬೇಕು. ಫುಡ್ ಬಿಸಿನೀರಾಗ ನೆನಸಿ, ಬೇಯಿಸಿದ ಸಿಹಿ ಕುಂಬಳಕಾಯಿ ಒಂದು ಚಮಚ ಕಲಸಿ ಕೊಡ್ರಿ, ಉಪ್ಪು ಬ್ಯಾಡ, ಒಗ್ಗರಣಿ ಬ್ಯಾಡ, ಉಳ್ಳಾಗಡ್ಡಿ ಅಂತೂ ನಾಯಿಗೆ ವಿಷ ಅಂದ್ರು. ವಾಂತಿ, ರಕ್ತ, ಊಟ ಬಿಡೋದು, ಇಲ್ಲಾ ಎರಡು ದಿನ ಏನೂ ಹೊರಗ ಬರದಿದ್ರ ಮನ್ಯಾಗ ಕುಂಬಳಕಾಯಿ ಹಿಡ್ಕೊಂಡು ಕುಂದರಬ್ಯಾಡ್ರಿ, ಸೀದಾ ಕರ್ಕೊಂಡು ಬರ್ರಿ. ಮತ್ತ ಮುಕ್ಕರಿದ್ದೆಲ್ಲಾ ಮಲಬದ್ಧತೆ ಅಲ್ಲ, ಭೇದಿ ಆದಾಗೂ ಮುಕ್ಕರಿತಾವ, ಉಚ್ಚಿ ಕಟ್ಟಿದ್ರೂ ಹಂಗೇ, ಅದು ಇನ್ನೂ ಅರ್ಜೆಂಟ್. (ಕಾಕಾ ಇದನ್ನೆಲ್ಲಾ ತಮಗೇ ಹೇಳಿದಂಗ ತಲಿ ಆಡಿಸ್ಲತ್ತಿದ್ರು.)

ಮರುದಿನ ನಸುಕಿನ್ಯಾಗ ಕಾಳ್ಯಾ ಕಾಕಾನ ಸ್ಕೂಟರ್ ಬಾಜೂ ಕುಂತು ಕೆಲಸ ಮುಗಿಸ್ತು, ಕಾಕಾ ಬನಿಯನ್ ಮ್ಯಾಲೇ ಹೊರಗ ಬಂದು "ಆತು! ಆತು!" ಅಂತ ಒದರಿದ್ರು, ಆಯಿ ಮಾಳಿಗಿ ಮ್ಯಾಲಿಂದ ಕೈ ಮುಗದ್ಲು, ಹಾಲಿನವ ಗಾಡಿ ನಿಲ್ಲಿಸಿ ನಕ್ಕೋತ ಕೇಳ್ದ, "ಗಂಡೋ ಹೆಣ್ಣೋ ರೀ?"