666 ಅಂದರೆ ಬಾರ್‌ಕೋಡ್ ಅಲ್ಲ

"ಪ್ರತಿ ಬಾರ್‌ಕೋಡ್‌ನಲ್ಲೂ 666 ಅಡಗಿದೆ. ಬೈಬಲ್ ಆಗಲೇ ಎಚ್ಚರಿಸಿತ್ತು." ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ನಿಜವಲ್ಲ.

ಬಾರ್‌ಕೋಡ್‌ನ ಎರಡು ಅಂಚಿನಲ್ಲಿ, ನಡುವೆ ಕಾಣುವ ಉದ್ದ ಗೆರೆಗಳನ್ನೇ ಮೂರು 6 ಅಂತ ಓದುತ್ತಾರೆ. ಅವು ಅಂಕಿಗಳೇ ಅಲ್ಲ. ಕೋಡ್ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಸ್ಕ್ಯಾನರ್‌ಗೆ ತೋರಿಸೋ ಗುರುತು, ಅಷ್ಟೇ.

ಹಾಗಾದರೆ 666 ಯಾರು? ಬೈಬಲ್‌ನ ಕೊನೆಯ ಪುಸ್ತಕ 'ಪ್ರಕಟನೆ'. ಅದು ಈಗಿನ ಪಶ್ಚಿಮ ಟರ್ಕಿಯ ಏಳು ಊರುಗಳ ಕ್ರೈಸ್ತ ಸಭೆಗಳಿಗೆ ಬರೆದದ್ದು. ಅದರಲ್ಲೊಂದು ಪೆರ್ಗಮ. ಅಲ್ಲಿ ರೋಮ್‌ಗೂ ಚಕ್ರವರ್ತಿ ಆಗಸ್ಟಸ್‌ಗೂ ದೇವಸ್ಥಾನವೇ ಇತ್ತು. ಅಂಥ ಜಾಗದಲ್ಲಿ ಚಕ್ರವರ್ತಿಯ ಹೆಸರು ಹಿಡಿದು ಬೈಯುವುದು ಸುಲಭವಾ? ಅದಕ್ಕೇ ಲೇಖಕ 'ಮೃಗ' ಎಂದ, ಅದರ ಸಂಖ್ಯೆ 666 ಎಂದ, 'ಬುದ್ಧಿಯುಳ್ಳವನು ಲೆಕ್ಕ ಹಾಕಲಿ' ಎಂದ.

ಲೆಕ್ಕ ಹಾಕೋಣ. ಹೀಬ್ರೂವಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಬೆಲೆ ಇದೆ. 'ನೆರೋನ್' ಎಂದು ಬರೆದರೆ 50, 200, 6, 50. 'ಕೇಸರ್', ಅಂದರೆ ಚಕ್ರವರ್ತಿ, ಎಂದು ಬರೆದರೆ 100, 60, 200. ಕೂಡಿಸಿ: 666. ಕ್ರೈಸ್ತರನ್ನು ಕೊಲ್ಲಿಸಿದ ಚಕ್ರವರ್ತಿ ನೀರೋ! ಬಹಳಷ್ಟು ವಿದ್ವಾಂಸರು ಒಪ್ಪುವ ಅರ್ಥ ಇದೇ.

ನನಗೆ ಜಾಸ್ತಿ ಇಷ್ಟವಾದ ಸುಳಿವು ಇನ್ನೊಂದಿದೆ. ಕೆಲವು ಹಳೆಯ ಪ್ರತಿಗಳಲ್ಲಿ 666ರ ಬದಲು 616 ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ತುಂಡಿನಲ್ಲೂ ಹಾಗೇ. ತಪ್ಪು ಬರೆದರಾ? ಲ್ಯಾಟಿನ್‌ನಂತೆ 'ನೆರೋ' ಅನ್ನಿ, ಕೊನೆಯ 'ನ್' ಬಿಟ್ಟುಹೋಗುತ್ತದೆ. ಅದರ ಬೆಲೆ 50. ಉಳಿಯುವುದು ಸರಿಯಾಗಿ 616.

ಆದರೆ ಆ ಕಾಲದ ಎಲ್ಲ ಕ್ರೈಸ್ತ ಬರಹವೂ ರೋಮ್ ಮೇಲೆ ಹೀಗೆ ಸಿಡಿದಿಲ್ಲ. ರೋಮ್‌ನ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಧರ್ಮಬೋಧಕ ಪೌಲ, ಅಧಿಕಾರಿಗಳಿಗೆ ವಿಧೇಯರಾಗಿರಿ, ತೆರಿಗೆ ಕಟ್ಟಿ ಅಂತಲೇ ಹೇಳಿದ್ದಾನೆ.